ಗುಳ್ಳೆಗಳು ಕಾಯುವ ಅನ್ನದ ಉಂಡೆ

ಕಾದ ಎಣ್ಣೆಗೆ ಅನ್ನದ ಉಂಡೆಯೊಂದನ್ನು ಮೆಲ್ಲಗೆ ಇಳಿಬಿಟ್ಟು ಬಾಣಲೆಯನ್ನೇ ನೋಡುತ್ತ ನಿಲ್ಲಿ. ಚುರ್ರೆಂದು ಗುಳ್ಳೆಗಳು ಉಂಡೆಯನ್ನು ಮುತ್ತಿಕೊಳ್ಳುತ್ತವೆ. ‘ಎಣ್ಣೆ ಕುದಿಯುತ್ತಿದೆ’ ಎನ್ನುತ್ತೇವೆ. ಕುದಿಯುತ್ತಿರುವುದು ಎಣ್ಣೆಯಲ್ಲ, ಉಂಡೆಯೊಳಗಿನ ನೀರು.

ಈ ಉಂಡೆಯ ತವರು ಇಟಲಿಯ ಸಿಸಿಲಿ ದ್ವೀಪ. ಇಟಲಿಯ ಭಾಷೆಯಲ್ಲಿ ಅರಾಂಚಾ ಎಂದರೆ ಕಿತ್ತಳೆ. ಬಣ್ಣ, ಆಕಾರ ಎರಡರಲ್ಲೂ ಇದು ಪುಟ್ಟ ಕಿತ್ತಳೆಯೇ. ಪಲೆರ್ಮೊದವರಿಗೆ ಇದು ಹೆಣ್ಣು, ‘ಅರಾಂಚಿನಾ’. ಪೂರ್ವ ತೀರದ ಕತಾನಿಯಾದಲ್ಲಿ ಗಂಡು, ‘ಅರಾಂಚಿನೊ’. ಅಲ್ಲಿ ಎಷ್ಟೋ ಸಲ ಪಕ್ಕದ ಎಟ್ನಾ ಜ್ವಾಲಾಮುಖಿಯಂತೆ ತುದಿ ಚೂಪಾಗಿರುತ್ತದೆ. ಡಿಸೆಂಬರ್ 13ರ ಸಾಂತಾ ಲುಚಿಯಾ ಹಬ್ಬಕ್ಕೆ ಪಲೆರ್ಮೊದ ಮಂದಿ ಬ್ರೆಡ್ಡು, ಪಾಸ್ತಾ ಬಿಟ್ಟು ಇದನ್ನು ತಿನ್ನುತ್ತಾರೆ.

ಉಂಡೆ ನಿಲ್ಲುವುದು ಪಿಷ್ಟದ ಬಲದಿಂದ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ: ನೀಳ ಎಳೆಯಂಥ ಅಮೈಲೋಸ್, ಕವಲೊಡೆದ ಅಮೈಲೋಪೆಕ್ಟಿನ್. ಎರಡನೆಯದು ಹೆಚ್ಚಿದ್ದಷ್ಟೂ ಅನ್ನ ಅಂಟು. ಇಟಲಿಯ ಅರ್ಬೊರಿಯೊದಂಥ ಗುಂಡಕ್ಕಿಗಳು ಈ ಜಾತಿಯವು. ರಿಸೊಟ್ಟೊ ಎಂಬ ಅನ್ನದಡುಗೆ ಮಾಡುವಾಗ ಅವನ್ನು ತೊಳೆಯುವುದಿಲ್ಲ. ನಾವು ಅಕ್ಕಚ್ಚೆಂದು ಹಸುವಿಗೆ ಇಡುವ ಬಿಳಿ ನೀರಿನಲ್ಲಿರುವ ಪಿಷ್ಟ ಅಲ್ಲಿ ಬೇಕಾದ ಅಂಟು. ಕೇಸರಿ, ಬೆಣ್ಣೆ, ಚೀಸ್ ಬೆರೆತ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಫ್ರಿಜ್‌ನಲ್ಲಿಡಬೇಕು. ಬೆಚ್ಚಗಿನ ಅನ್ನವನ್ನು ಹೊತ್ತುಗಟ್ಟಲೆ ಹೊರಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಒಂದು ವಿಷ ಮತ್ತೆ ಕಾಯಿಸಿದರೂ ಹೋಗದು.

ಅನ್ನ ತಣ್ಣಗಾದಂತೆ, ಬೆಂದು ಬಿಡಿಬಿಡಿಯಾಗಿದ್ದ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಸೇರಿ ಗಟ್ಟಿಯಾಗುತ್ತವೆ. ತಂಗಳನ್ನ ಬಿರುಸಾಗುವುದೂ, ಚಿತ್ರಾನ್ನಕ್ಕೆ ಆರಿದ ಅನ್ನವೇ ಒಪ್ಪುವುದೂ ಇದರಿಂದಲೇ. ಮೊದಲ ಸಲ ನಾನು ಬಿಸಿಯಿರುವಾಗಲೇ ಉಂಡೆ ಕಟ್ಟಿದ್ದೆ. ನಾಲ್ಕರಲ್ಲಿ ಮೂರು ಎಣ್ಣೆಯಲ್ಲೇ ಬಿಚ್ಚಿಕೊಂಡವು.

ಗಟ್ಟಿಯಾದ ಅನ್ನವನ್ನು ಅಂಗೈಯಲ್ಲಿ ಬಟ್ಟಲಿನಂತೆ ಮಾಡಿ, ನಡುವೆ ಬಟಾಣಿ, ಮೊಜರೆಲ್ಲಾ ತುಣುಕು ಇಟ್ಟು, ಬಿರುಕಿಲ್ಲದಂತೆ ಮುಚ್ಚಿ. ತೆಳು ಮೈದಾ ಹಿಟ್ಟಿನಲ್ಲಿ ಅದ್ದಿ, ಒಣ ಬ್ರೆಡ್ ಪುಡಿಯಲ್ಲಿ ಹೊರಳಿಸಿ.

ಎಣ್ಣೆ 170–180 ಡಿಗ್ರಿ ಸೆಲ್ಸಿಯಸ್ ಇರಲಿ. ನೀರು ಕುದಿಯಲು 100 ಸಾಕು. ಹೊರಮೈಯ ನೀರು ಆವಿಯಾಗಿ ನುಗ್ಗಿ ಬರುವಾಗ ಎಣ್ಣೆ ಒಳಹೋಗದಂತೆ ತಳ್ಳುತ್ತದೆ. ಹೊರಪದರ ಒಣಗಿದ ಮೇಲೆ ಅದರ ಬಿಸಿ ನೂರನ್ನು ದಾಟಿ, ಸಕ್ಕರೆಗೂ ಪ್ರೋಟೀನಿಗೂ ಮೇಲಾರ್ಡ್ ಕ್ರಿಯೆ ನಡೆದು ಹೊಂಬಣ್ಣ, ಘಮ ಬರುತ್ತವೆ. ಒಳಗೆ ನೀರಿರುವಷ್ಟು ಕಾಲ ಅಲ್ಲಿನ ಬಿಸಿ ನೂರು ಮೀರದು. ಎಣ್ಣೆ ಸಾಕಷ್ಟು ಕಾಯದಿದ್ದರೆ ಆವಿಯ ಒತ್ತಡ ಕುಗ್ಗಿ, ಗರಿಗರಿಯಾಗುವ ಮೊದಲೇ ಉಂಡೆ ಜಿಡ್ಡಾಗುತ್ತದೆ.

ಗಾತ್ರದ ವಿಷಯದಲ್ಲಿ ಮಾತ್ರ ಆಸೆ ಬೇಡ. ಶಾಖ ನಡುವಿಗೆ ತಲುಪುವ ಹೊತ್ತು ಅಗಲದ ವರ್ಗದಂತೆ ಏರುತ್ತದೆ: ಉಂಡೆ ಎರಡರಷ್ಟು ದಪ್ಪವಾದರೆ ಸುಮಾರು ನಾಲ್ಕರಷ್ಟು ಸಮಯ. ಅಷ್ಟರಲ್ಲಿ ಸಿಪ್ಪೆ ಸೀದಿರುತ್ತದೆ. ಸಿಸಿಲಿಯ ಅಂಗಡಿಗಳಲ್ಲಿ ಮುಷ್ಟಿ ಗಾತ್ರದವು ಸಿಗುತ್ತವೆ, ಅವರಿಗೆ ಆಳವಾದ ಎಣ್ಣೆಯೂ ಪಳಗಿದ ಕೈಯೂ ಇದೆ. ಮನೆಯ ಬಾಣಲೆಗೆ ನಿಂಬೆಹಣ್ಣಿನ ಗಾತ್ರ ಸರಿ.

ಗುಳ್ಳೆಗಳ ಸದ್ದು ಇಳಿದಾಗ ಎತ್ತಿ. ಎತ್ತಿದ ಕೂಡಲೇ ಒಳಗಿನ ಆವಿ ತಣಿದು ನೀರಾಗಿ, ಆ ತೆರವು ಹೊರಮೈಗೆ ಅಂಟಿದ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಕರಿದ ತಿಂಡಿ ಎಣ್ಣೆ ಹೀರುವುದು ಬಹುಪಾಲು ಬಾಣಲೆಯ ಹೊರಗೆ. ಆದ್ದರಿಂದ ಜಾಲರಿಯಲ್ಲಿ ಚೆನ್ನಾಗಿ ಕೊಡವಿ, ಆ ಕ್ಷಣವೇ ಕಾಗದದ ಮೇಲೆ ಹೊರಳಿಸಿ.

ಎರಡು ನಿಮಿಷ ಬಿಟ್ಟು ಮುರಿದು ನೋಡಿ. ನಡುವಿನವರೆಗೂ ಬಿಸಿ ತಲುಪಿದ್ದರೆ ಮೊಜರೆಲ್ಲಾ ಎಳೆಯೆಳೆಯಾಗಿ ಜಗ್ಗುತ್ತದೆ. ರೋಮ್ ನಗರದಲ್ಲಿ ಇದರ ಸೋದರಿಯಂಥ ಸುಪ್ಪ್ಲಿ ಎಂಬ ತಿಂಡಿಯಿದೆ. ಎರಡು ಹೋಳುಗಳ ನಡುವೆ ಟೆಲಿಫೋನ್ ತಂತಿಯಂತೆ ಜೋತಾಡುವ ಚೀಸಿನ ಎಳೆಯನ್ನು ಕಂಡು ಅಲ್ಲಿನವರು ಅದಕ್ಕೆ ‘ಟೆಲಿಫೋನ್ ಸುಪ್ಪ್ಲಿ’ ಎಂದೇ ಹೆಸರಿಟ್ಟಿದ್ದಾರೆ.