ಬೆಳೆಯುವ ಪಟ್ಟಿ, ಬೆಳೆಯದ ಸೂತ್ರ

ಅಂಕಿಗಳನ್ನು ಕೂಡುವುದು ಎಳೆಯರ ವಿದ್ಯೆ. ಎಲ್ಲಿಂದ ಎಲ್ಲಿಯವರೆಗೆ ಕೂಡಬೇಕೆಂಬುದನ್ನು ತಪ್ಪಿಲ್ಲದೆ ಗೊತ್ತುಪಡಿಸುವುದು ಮಾತ್ರ ಅಷ್ಟು ಸುಲಭವಲ್ಲ. ನಾವು ಎಲ್ಲೆಯನ್ನು ತಪ್ಪಾಗಿ ತೋರಿಸಿದರೆ, ಗಣಕಯಂತ್ರವು ಆ ಎಲ್ಲೆಯೊಳಗಿನ ಅಂಕಿಗಳನ್ನಷ್ಟೇ ಕೂಡಿ, ಯಾವ ಸಂದೇಹವನ್ನೂ ಸೂಚಿಸದೆ ಉತ್ತರವನ್ನು ಮುಂದಿಡುವುದು.

ಇದರ ಪರಿಣಾಮಕ್ಕೆ ಒಂದು ನಿದರ್ಶನವುಂಟು. ಸರಕಾರದ ಸಾಲವು ದೇಶದ ವಾರ್ಷಿಕ ಉತ್ಪನ್ನದ ಶೇಕಡ 90ನ್ನು ಮೀರಿದರೆ ಆರ್ಥಿಕ ಬೆಳವಣಿಗೆ ಬಹಳ ಕುಗ್ಗಿರುವುದೆಂದು 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದರು. ಸರಕಾರಗಳು ವೆಚ್ಚವನ್ನು ಕಡಿಮೆ ಮಾಡಬೇಕೆಂದು ವಾದಿಸುತ್ತಿದ್ದವರಿಗೆ ಇದೊಂದು ದೊಡ್ಡ ಆಧಾರವಾಯಿತು. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಅವರ ಲೆಕ್ಕದ ಹಾಳೆಯನ್ನು ಪರೀಕ್ಷಿಸಿದನು. 30ರಿಂದ 49ನೆಯ ಸಾಲಿನವರೆಗೆ ಸರಾಸರಿ ತೆಗೆಯಬೇಕಾಗಿದ್ದ ಸೂತ್ರವು 44ರಲ್ಲಿಯೇ ನಿಂತಿತ್ತು! ಐದು ದೇಶಗಳು ಲೆಕ್ಕದಿಂದ ಹೊರಗುಳಿದಿದ್ದುವು. ಈ ತಪ್ಪೊಂದರಿಂದಲೇ ಸರಾಸರಿ 0.3 ಶೇಕಡಾಂಶದಷ್ಟು ತಗ್ಗಿತ್ತು. ಬೇರೆ ಲೋಪಗಳೆಂದು ಅವನೂ ಅವನ ಸಹೋದ್ಯೋಗಿಗಳೂ ಎಣಿಸಿದವುಗಳನ್ನೂ ತಿದ್ದಿದಾಗ –0.1 ಇದ್ದದ್ದು 2.2 ಆಯಿತು. ಸೂತ್ರದ ತಪ್ಪನ್ನು ಮೂಲ ಲೇಖಕರೂ ಒಪ್ಪಿಕೊಂಡರು.

ಹಾಗಾದರೆ ಎಲ್ಲೆಯನ್ನು ಸರಿಯಾಗಿ ಹೇಳುವುದೆಂತು? ಸ್ಪ್ರೆಡ್‌ಶೀಟ್ ಎಂಬ ಲೆಕ್ಕದ ಹಾಳೆಯು ಚೌಕಾಬಾರದ ಪಟದಂತೆ ಮನೆಗಳಾಗಿ ವಿಂಗಡವಾಗಿದೆ. ಕಂಬಸಾಲುಗಳಿಗೆ ಅಕ್ಷರ, ಅಡ್ಡಸಾಲುಗಳಿಗೆ ಸಂಖ್ಯೆ. ‘ಬಿ2’ ಎಂದರೆ ಬಿ ಕಂಬಸಾಲಿನ ಎರಡನೆಯ ಮನೆ. ಬಿ1ರಲ್ಲಿ ‘ಮಳೆ’ ಎಂಬ ತಲೆಬರಹವನ್ನಿಟ್ಟು, ಜೂನ್ 1ರಿಂದ ಪ್ರತಿದಿನದ ಮಳೆಯನ್ನು ಮಿಲಿಮೀಟರುಗಳಲ್ಲಿ ಬಿ2ರಿಂದ ಕೆಳಕ್ಕೆ ಬರೆಯುತ್ತಿದ್ದೇವೆಂದು ಭಾವಿಸೋಣ. ತಿಂಗಳು ಮುಗಿದಾಗ ಮೊತ್ತಕ್ಕೆ ಸೂತ್ರ ಹೀಗಿರುವುದು:

=ಸಮ್(ಬಿ2:ಬಿ31)

ಜುಲೈ 1ರ ಮಳೆ ಬಿ32ರಲ್ಲಿ ಬೀಳುವುದು. ಸೂತ್ರವು ತಾನಾಗಿಯೇ ಹಿಗ್ಗುವುದೆಂದು ನಂಬಿ ಕುಳಿತಿರುವಂತಿಲ್ಲ. ‘ಇಡೀ ಕಂಬಸಾಲನ್ನೇ ಕೂಡಿದರಾಯಿತಲ್ಲವೆ?’ ಎಂದು ವಾಚಕರು ಕೇಳಬಹುದು. ಎಲ್ಲ ದಿನಗಳ ಮೊತ್ತಕ್ಕೆ ಅದು ಸಾಕು. ಆದರೆ ಕಳೆದ ಏಳು ದಿನಗಳ ಮಳೆಯಷ್ಟೇ ಬೇಕಾದರೆ? ಆಗ ಎಲ್ಲೆಯು ದಿನದಿನವೂ ಕೆಳಕ್ಕೆ ಸರಿಯಬೇಕು.

ಉಪಾಯವೇನೆಂದರೆ, ಎಲ್ಲೆಯನ್ನು ನಾವು ಬರೆಯದೆ ಹಾಳೆಯಿಂದಲೇ ಎಣಿಸಿಸುವುದು. ‘ಕೌಂಟ್’ ಎಂಬುದು ಸಂಖ್ಯೆಯುಳ್ಳ ಮನೆಗಳನ್ನು ಎಣಿಸುವುದು. ಅಕ್ಷರಗಳ ತಲೆಬರಹವನ್ನು ಬಿಟ್ಟುಬಿಡುವುದು. 30 ದಿನಗಳಾಗಿದ್ದರೆ ಉತ್ತರ 30. ಕೊನೆಯ ಅಂಕಿ ಇರುವುದು 31ನೆಯ ಸಾಲಿನಲ್ಲಿ, ಎಂದರೆ ಒಂದು ಹೆಚ್ಚು. ‘ಇಂಡೆಕ್ಸ್’ ಎಂಬುದು ಹೇಳಿದ ಸಾಲಿನ ಮನೆಯನ್ನು ಬೆರಳಿಟ್ಟು ತೋರಿಸುವುದು. ಎಣಿಕೆಯನ್ನು ಡಿ1ರಲ್ಲಿ =ಕೌಂಟ್(ಬಿ:ಬಿ) ಎಂದು ಬರೆದಿಟ್ಟುಕೊಂಡರೆ, ಕಡೆಯ ಏಳು ದಿನಗಳ ಮೊತ್ತ ಇದು:

=ಸಮ್(ಇಂಡೆಕ್ಸ್(ಬಿ:ಬಿ,ಡಿ1-5):ಇಂಡೆಕ್ಸ್(ಬಿ:ಬಿ,ಡಿ1+1))

ಡಿ1ರಲ್ಲಿ 30 ಇದ್ದರೆ 25ರಿಂದ 31ರವರೆಗಿನ ಏಳು ಸಾಲುಗಳು ಕೂಡುವುವು. ಮರುದಿನ ಡಿ1 ತಾನೇ 31 ಆಗಿ, ಎಲ್ಲೆ ಒಂದು ಮನೆ ಕೆಳಗಿಳಿಯುವುದು. ಸೂತ್ರವನ್ನು ಮುಟ್ಟಬೇಕಾದುದಿಲ್ಲ. ಆದರೆ ಅದನ್ನು ಬಿ ಕಂಬಸಾಲಿನಲ್ಲಿಯೇ ಬರೆಯಬಾರದು. ಬರೆದರೆ ಮೊತ್ತವೂ ತನ್ನ ಲೆಕ್ಕದೊಳಗೆ ತಾನೇ ಸಿಲುಕುವುದು.

ಇಲ್ಲಿ ಎಚ್ಚರ ಬೇಕಾದ ಅಂಶವೊಂದಿದೆ. ಮಳೆಯಿಲ್ಲದ ದಿನ ಮನೆಯನ್ನು ಖಾಲಿ ಬಿಟ್ಟರೆ ಎಣಿಕೆ ಒಂದು ಕಡಿಮೆಯಾಗಿ, ಎಲ್ಲೆ ಮೇಲಕ್ಕೆ ಸರಿದು, ಇಂದಿನ ಮಳೆಯೇ ಲೆಕ್ಕದಿಂದ ಜಾರಿಹೋಗುವುದು. ಆ ದಿನ 0 ಎಂದು ಬರೆಯತಕ್ಕದ್ದು. ಸೊನ್ನೆಯೆಂದರೆ ಅಳೆದು ಕಂಡ ಫಲ. ಖಾಲಿಯೆಂದರೆ ಅಳೆಯಲೇ ಇಲ್ಲವೆಂಬುದು. ಈ ಭೇದ ಪ್ರಯೋಗಶಾಲೆಯಲ್ಲಿ ಎಷ್ಟು ಮುಖ್ಯವೋ ಲೆಕ್ಕದ ಹಾಳೆಯಲ್ಲಿಯೂ ಅಷ್ಟೇ ಮುಖ್ಯ.

ಮೊತ್ತದ ಪಕ್ಕದ ಮನೆಯಲ್ಲಿ ಅದೇ ಎಲ್ಲೆಯ ‘ಕೌಂಟ್’ ಅನ್ನೂ ಬರೆದಿಡುವುದು ಲೇಸು. ಏಳು ಇರಬೇಕಾದ ಕಡೆ ಆರು ಕಂಡರೆ, ಇಪ್ಪತ್ತು ದೇಶಗಳಿರಬೇಕಾದ ಕಡೆ ಹದಿನೈದು ಕಂಡರೆ, ಉತ್ತರವು ಲೋಕಕ್ಕೆ ತಲಪುವ ಮೊದಲೇ ನಮಗೆ ಗೊತ್ತಾಗುವುದು.