ಸವಳು ನೆಲದ ಮೇವು, ಕುರಿಮರಿಯ ಮಾಂಸ

ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಕೃಷಿಭೂಮಿ ಸವಳಾಗಿದೆ. ಆಳಕ್ಕೆ ಬೇರಿಳಿಸಿ ವರ್ಷವಿಡೀ ನೀರು ಹೀರುತ್ತಿದ್ದ ನೀಲಗಿರಿ ಜಾತಿಯ ಕಾಡನ್ನು ಕಡಿದು ಅಲ್ಲಿ ಗೋಧಿ ಬಿತ್ತಿದರು. ಗೋಧಿಗೆ ಅಷ್ಟು ಆಳದ ಬೇರಿಲ್ಲ, ಅದು ಹೊಲದಲ್ಲಿರುವುದೂ ಕೆಲವೇ ತಿಂಗಳು. ಹೀರುವ ಬೇರಿಲ್ಲದೆ ಮಳೆನೀರು ಕೆಳಗಿಳಿಯಿತು, ಅಂತರ್ಜಲ ಮೇಲೇರಿತು, ಸಾವಿರಾರು ವರ್ಷಗಳಿಂದ ಆಳದಲ್ಲಿದ್ದ ಉಪ್ಪೂ ಅದರೊಂದಿಗೆ ಮೇಲೆ ಬಂತು. ಡಬ್ಲ್ಯೂ. ಇ. ವುಡ್ ಎಂಬ ರೈಲ್ವೆ ಎಂಜಿನಿಯರ್ 1924ರಲ್ಲೇ ಈ ಕಾರಣವನ್ನು ಬರೆದು ಪ್ರಕಟಿಸಿದ್ದರು.

ಗೋಧಿ ಕೈಬಿಟ್ಟ ಈ ನೆಲದಲ್ಲಿ ನೆಲೆನಿಲ್ಲುವ ಪೊದೆ ಸಾಲ್ಟ್‌ಬುಷ್. ಇದರ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೇಲ್ಮೈ ತುಂಬ ಪುಟ್ಟ ಗುಳ್ಳೆಗಳು ಕಾಣುತ್ತವೆ. ಬೇರಿನಿಂದ ಬಂದ ಉಪ್ಪನ್ನು ಗಿಡ ಈ ಗುಳ್ಳೆಗಳಿಗೆ ತಳ್ಳುತ್ತದೆ. ತುಂಬಿದ ಗುಳ್ಳೆ ಒಡೆದು ಎಲೆಯ ಮೇಲೆ ಬಿಳಿ ಪದರವಾಗುತ್ತದೆ. ಎಲೆಗೆ ಬೂದು ಬೆಳ್ಳಿಯ ಬಣ್ಣ ಬರುವುದು ಇದರಿಂದಲೇ. ಬೇಸಿಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿ ನಿಂತಾಗಲೂ ಈ ಪೊದೆಯಲ್ಲಿ ಜೀವಂತ ಎಲೆ ಇರುತ್ತದೆ.

ಹಾಗಾದರೆ ಕುರಿಮರಿಗಳನ್ನು ಇದರಲ್ಲೇ ಮೇಯಲು ಬಿಟ್ಟರೆ ಸಾಕೇ? ಸಾಲದು. ಬರೀ ಸಾಲ್ಟ್‌ಬುಷ್ ತಿಂದ ಮರಿಗಳ ತೂಕ ನಿಂತಲ್ಲೇ ನಿಲ್ಲುತ್ತದೆ, ಎಷ್ಟೋ ಸಲ ಇಳಿಯುತ್ತದೆ. ಒಂದು ಕಿಲೋ ಒಣ ಎಲೆಯನ್ನು ಸುಟ್ಟರೆ 200ರಿಂದ 300 ಗ್ರಾಂ ಬೂದಿ ಉಳಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಲವಣ. ಲವಣದಿಂದ ಮರಿಗೆ ಶಕ್ತಿ ಸಿಗುವುದಿಲ್ಲ. ಅದನ್ನು ಹೊರಹಾಕಲು ಮಾತ್ರ ಶಕ್ತಿ ಖರ್ಚಾಗುತ್ತದೆ. ಉಪ್ಪು ಹೆಚ್ಚಿದಂತೆ ಮರಿ ಮೇಯುವುದನ್ನೇ ಕಡಿಮೆ ಮಾಡುತ್ತದೆ. ಉಪ್ಪಿನ ದಾಹಕ್ಕೆ ಹೆಚ್ಚಾಗಿ ಕುಡಿದ ನೀರಿನ ರಭಸಕ್ಕೆ ಮೇವು ಜಠರದ ಮೊದಲ ಕೋಣೆಯಾದ ರೂಮೆನ್ನಿನಿಂದ ಬೇಗ ಮುಂದಕ್ಕೆ ಸಾಗುತ್ತದೆ, ನಾರು ಪೂರ್ತಿ ಜೀರ್ಣವಾಗುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಯೂ ಇಲ್ಲಿ ದಾರಿ ತಪ್ಪಿಸಬಹುದು: ಕರಗಿಹೋದ ಉಪ್ಪನ್ನೂ ಜೀರ್ಣವಾದ ಮೇವಿನ ಲೆಕ್ಕಕ್ಕೆ ಸೇರಿಸಿದರೆ ಎಲೆಯ ಗುಣ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಪ್ರೋಟೀನಿನದೂ ಇದೇ ಕಥೆ. ಎಲೆಯಲ್ಲಿ ಸಾರಜನಕ ಧಾರಾಳವಾಗಿದೆ, ಆದರೆ ಅದರಲ್ಲಿ ದೊಡ್ಡ ಪಾಲು ನಿಜವಾದ ಪ್ರೋಟೀನಿನ ರೂಪದಲ್ಲಿ ಇರುವುದಿಲ್ಲ. ಅದನ್ನು ಪ್ರೋಟೀನಾಗಿ ಕಟ್ಟುವುದು ರೂಮೆನ್ನಿನ ಸೂಕ್ಷ್ಮಜೀವಿಗಳ ಕೆಲಸ, ಆ ಕೆಲಸಕ್ಕೆ ಅವಕ್ಕೆ ಪಿಷ್ಟದಂಥ ಶಕ್ತಿಮೂಲ ಬೇಕು. ಅದು ಸಿಗದಿದ್ದರೆ ಸಾರಜನಕ ಅಮೋನಿಯವಾಗಿ, ಆಮೇಲೆ ಯೂರಿಯವಾಗಿ ಮೂತ್ರದಲ್ಲಿ ಹೋಗಿಬಿಡುತ್ತದೆ. ಆದ್ದರಿಂದಲೇ ಜಾಣ ರೈತರು ಸಾಲ್ಟ್‌ಬುಷ್ ಸಾಲುಗಳ ನಡುವೆ ಹುಲ್ಲು ಬೆಳೆಸುತ್ತಾರೆ, ಜೊತೆಗೆ ಗೋಧಿಯ ಕೂಳೆಯನ್ನೋ ಒಂದಿಷ್ಟು ಬಾರ್ಲಿಯನ್ನೋ ಕೊಡುತ್ತಾರೆ. ಊಟದಲ್ಲಿ ಉಪ್ಪಿನಕಾಯಿಗೆ ಇರುವ ಸ್ಥಾನವೇ ಮೇವಿನಲ್ಲಿ ಸಾಲ್ಟ್‌ಬುಷ್‌ಗೆ.

ಹೀಗೆ ಬೆರೆಸಿ ಮೇಯಿಸಿದಾಗ ಮಾಂಸದಲ್ಲಿ ಎರಡು ಬದಲಾವಣೆಗಳು ಕಂಡಿವೆ. ಮೊದಲನೆಯದು ವಿಟಮಿನ್ ಇ. ಒಣಹುಲ್ಲಿನಲ್ಲಿ ಇದು ಹೆಚ್ಚುಕಡಿಮೆ ನಾಶವಾಗಿರುತ್ತದೆ, ಸಾಲ್ಟ್‌ಬುಷ್ ಎಲೆಯಲ್ಲಿ ಸಮೃದ್ಧವಾಗಿರುತ್ತದೆ. ಕತ್ತರಿಸಿಟ್ಟ ಮಾಂಸ ಗಾಳಿ ತಾಗಿ ಕಂದಾಗುವುದು ಅದರ ಕೆಂಪು ವರ್ಣಕ ಮಯೋಗ್ಲೋಬಿನ್ ಉತ್ಕರ್ಷಣೆಗೊಳ್ಳುವುದರಿಂದ. ಸ್ನಾಯುವಿನಲ್ಲಿ ಸೇರಿರುವ ವಿಟಮಿನ್ ಇ ಆ ಕ್ರಿಯೆಯನ್ನು ನಿಧಾನಗೊಳಿಸುತ್ತದೆ, ಮಾಂಸ ಹೆಚ್ಚು ಹೊತ್ತು ಕೆಂಪಾಗಿ ಉಳಿಯುತ್ತದೆ. ಬದುಕಿರುವ ಮರಿಗೂ ಇದರಿಂದ ಲಾಭವಿದೆ: ವಿಟಮಿನ್ ಇ ಕೊರತೆಯಿಂದ ಬೇಸಿಗೆಯಲ್ಲಿ ಬರುವ ಸ್ನಾಯುರೋಗ ತಪ್ಪುತ್ತದೆ. ಎರಡನೆಯದು ಕೊಬ್ಬು. ಆಸ್ಟ್ರೇಲಿಯಾದ ಪ್ರಯೋಗಗಳಲ್ಲಿ ಸಾಲ್ಟ್‌ಬುಷ್ ತಿಂದ ಕುರಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಮಾಂಸಖಂಡದ ಪಾಲು ಹೆಚ್ಚು ಕಂಡುಬಂದಿದೆ. ಶಕ್ತಿಗೆ ಹೋಲಿಸಿದರೆ ಪ್ರೋಟೀನ್ ಹೆಚ್ಚಿರುವ ಮೇವು ಮತ್ತು ಇನ್ಸುಲಿನ್ ಮಟ್ಟದಲ್ಲಿನ ಇಳಿಕೆ ಇದಕ್ಕೆ ಕಾರಣವಿರಬೇಕೆಂದು ವಿಜ್ಞಾನಿಗಳು ವಿವರಿಸುತ್ತಾರೆ.

ಇಷ್ಟು ಉಪ್ಪು ತಿಂದರೂ ಮಾಂಸ ಉಪ್ಪಾಗುವುದಿಲ್ಲ. ರಕ್ತದಲ್ಲಿ ಸೋಡಿಯಂ ಏರಿದೊಡನೆ ಅದನ್ನು ಹಿಡಿದಿಡುವ ಆಲ್ಡೋಸ್ಟೆರಾನ್ ಹಾರ್ಮೋನು ಇಳಿಯುತ್ತದೆ. ಕುರಿ ನೀರು ಹೆಚ್ಚು ಕುಡಿಯುತ್ತದೆ, ಮೂತ್ರಪಿಂಡಗಳು ಉಪ್ಪನ್ನು ಹೊರಗೆ ಸಾಗಿಸುತ್ತವೆ. ಹಾಗಾಗಿ ಈ ಪದ್ಧತಿಗೆ ಸಿಹಿನೀರಿನ ತೊಟ್ಟಿ ಹತ್ತಿರದಲ್ಲೇ ಇರಬೇಕು. ಸವಳು ಮೇವಿನ ಮೇಲೆ ಸವಳು ನೀರನ್ನೂ ಕುಡಿಸಿದರೆ ಮರಿ ಮೇವು ಬಿಡುತ್ತದೆ.

ಆಸ್ಟ್ರೇಲಿಯಾದ ಸಿ.ಎಸ್.ಐ.ಆರ್.ಒ. ಸಂಸ್ಥೆಯ ವಿಜ್ಞಾನಿಗಳು ಸಾಲ್ಟ್‌ಬುಷ್‌ನ ಒಳ್ಳೆಯ ತಳಿ ಹುಡುಕುವಾಗ ಕುರಿಗಳನ್ನೇ ಪರೀಕ್ಷಕರನ್ನಾಗಿ ಮಾಡಿಕೊಂಡರು. ಬೇರೆ ಬೇರೆ ಕಡೆಯ ಕಾಡು ಪೊದೆಗಳನ್ನು ಒಂದೆಡೆ ಬೆಳೆಸಿ, ಕುರಿಗಳನ್ನು ಬಿಟ್ಟು, ಅವು ಯಾವುದನ್ನು ಮೊದಲು ಮೇಯುತ್ತವೆ ಎಂದು ಗಮನಿಸಿದರು. ಅನಮೇಕಾ ಎಂಬ ತಳಿ ಹೊರಬಂದದ್ದು ಹೀಗೆ. ಕುರಿಗಳಿಗೆ ಅದು ರುಚಿ, ಜೀರ್ಣವಾಗುವ ಪ್ರಮಾಣವೂ ಹೆಚ್ಚು.

ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟುಗಳಲ್ಲಿ ಕಾಲುವೆ ನೀರಿನ ಅತಿಬಳಕೆಯಿಂದ ಅಂತರ್ಜಲ ಏರಿ ನಮ್ಮ ಹೊಲಗಳೂ ಸವಳು ಜವಳಾಗಿವೆ. ಅದೇ ಸೀಮೆಯಲ್ಲಿ ಬಳ್ಳಾರಿ, ಡೆಕ್ಕನಿ, ಕೆಂಗುರಿ ಕುರಿಗಳನ್ನು ನಂಬಿ ಬದುಕುವ ಮನೆಗಳಿವೆ. ಬಸಿಗಾಲುವೆ ತೆಗೆದು ನೆಲ ಸರಿಪಡಿಸುವ ಕೆಲಸ ಮೊದಲು ಆಗಬೇಕು. ಅದಾಗದ ತುಂಡುಗಳಲ್ಲಿ ಉಪ್ಪು ತಾಳುವ ಮೇವನ್ನು ಪ್ರಯತ್ನಿಸುವುದಾದರೆ, ಎಕರೆಗೆ ಎಷ್ಟು ಟನ್ ಸೊಪ್ಪು ಬಂತೆಂದು ಲೆಕ್ಕ ಹಾಕಿ ಮುಗಿಸಬಾರದು. ಜೊತೆಗೆ ಏನು ಉಣಿಸಿದೆವು, ಎಂಥ ನೀರು ಕುಡಿಸಿದೆವು, ಕೊನೆಗೆ ಮರಿ ಎಷ್ಟು ತೂಗಿತು ಎಂದು ಅಳೆದರೆ ಮಾತ್ರ ಆ ಮೇವಿನ ನಿಜವಾದ ಬೆಲೆ ಕುರಿಗಾರನಿಗೆ ಗೊತ್ತಾಗುತ್ತದೆ.