ಬೆನ್ನ ಮೇಲೊಂದು ಗಾಳ

ಫ್ಲೈ ಫಿಶಿಂಗ್‌ಗೆ ಹೋಗ್ತೀನಿ ಎಂದಾಗ ‘ನೊಣ ಹಿಡಿಯೋಕೆ ಹಿಮಾಚಲಕ್ಕೆ ಹೋಗ್ಬೇಕಾ?’ ಎಂದಳು ಅಮ್ಮ. ಎಂ.ಎಸ್ಸಿ. ಮುಗಿದಿತ್ತು, ಇಂಟರ್‌ವ್ಯೂ ಕರೆ ಇನ್ನೂ ಬಂದಿರಲಿಲ್ಲ. ಟ್ಯೂಷನ್ ಹೇಳಿ ಉಳಿಸಿದ ದುಡ್ಡಲ್ಲಿ ರೈಲು, ಬಸ್ಸಿನ ಖರ್ಚು ಕಳೆದರೆ ಗಾಳದ ಸಾಮಾನಿಗೆ ಸಿಗುತ್ತಿದ್ದದ್ದು ಆರು ಸಾವಿರ. ಜತೆಗೆ ಟೆಂಟು, ಅಕ್ಕಿ-ಬೇಳೆ ಎಲ್ಲ ಬೆನ್ನ ಮೇಲೇ ಹೋಗಬೇಕು. ಹಾಗಾಗಿ ಕೊಳ್ಳುವ ಪ್ರತಿ ವಸ್ತುವಿಗೂ ಬೆಲೆಯ ಜತೆ ತೂಕವನ್ನೂ ಲೆಕ್ಕ ಹಾಕಿದೆ.

ನಾವು ತುಂಗೆಯ ದಂಡೆಯಲ್ಲಿ ಎರೆಹುಳ ಸಿಕ್ಕಿಸಿ ಎಸೆಯುವ ಗಾಳದಲ್ಲಿ ಸೀಸದ ಗುಂಡು ಭಾರ ಕೊಡುತ್ತದೆ. ಫ್ಲೈ ಎಂದರೆ ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ಹುಸಿ ಕೀಟ. ಅದಕ್ಕೆ ತೂಕವೇ ಇಲ್ಲ. ದಪ್ಪ ದಾರದ ಭಾರವೇ ಅದನ್ನು ಒಯ್ಯಬೇಕು. ಆದ್ದರಿಂದ ರಾಡ್, ದಾರ ಎರಡರ ಮೇಲೂ ಒಂದೇ ನಂಬರ್ ಇರಬೇಕು. ಬೆಟ್ಟದ ತೊರೆಗೆ 3 ಅಥವಾ 4 ಸಾಕು. ಎಂಟೂವರೆ ಅಡಿಯ ರಾಡ್ ನಾಲ್ಕು ತುಂಡಾಗುವಂತಿದ್ದರೆ ಒಂದೊಂದು ತುಂಡು ಎರಡಡಿ ಚಿಲ್ಲರೆ, ಬ್ಯಾಗಿನ ಪಕ್ಕಕ್ಕೆ ಕಟ್ಟಬಹುದು. ಎರಡೇ ತುಂಡಿನದು ಅಗ್ಗಕ್ಕೆ ಸಿಕ್ಕರೂ ಬೇಡ, ಬಸ್ಸಿನಲ್ಲೇ ಮುರಿದೀತು. ಸಣ್ಣ ತೊರೆಯಲ್ಲಿ ರೀಲ್‌ಗೆ ದಾರ ಸುತ್ತಿಡುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ದುಡ್ಡು ಸುರಿಯುವುದಿದ್ದರೆ ಒಳ್ಳೆಯ ದಾರಕ್ಕೆ ಸುರಿಯಿರಿ.

ನಾನು ಕೊನೆಗೆ ಕೊಂಡದ್ದು ಜಪಾನಿನ ಬೆಟ್ಟದ ಜನರ ‘ಟೆಂಕಾರಾ’. ಇದಕ್ಕೆ ರೀಲೇ ಇಲ್ಲ! ರಾಡಿನ ತುದಿಗೇ ದಾರ. ಥೇಟ್ ನಮ್ಮೂರ ಬಿದಿರುಗಳದ ಗಾಳ. ಒಂದರೊಳಗೊಂದು ಸರಿಸಿದರೆ ಮೊಳದುದ್ದ, ಎಳೆದರೆ ಹನ್ನೆರಡು ಅಡಿ. ತೂಕ ನೂರು ಗ್ರಾಂ ಒಳಗೆ. ದೂರ ಎಸೆಯಲಾಗದು, ದೊಡ್ಡ ಮೀನು ಓಡಿದರೆ ದಾರ ಬಿಟ್ಟುಕೊಡಲೂ ಆಗದು. ಅಗಲ ನದಿ, ಸರೋವರಕ್ಕೆ ಹೋಗುವವರಿಗೆ ರೀಲಿನ ರಾಡೇ ಸರಿ. ಆದರೆ ತೀರ್ಥನ್ ಕಣಿವೆಯ ತೊರೆಗಳಲ್ಲಿ ಟ್ರೌಟ್ ನಿಲ್ಲುವುದು ಬಂಡೆಯ ಹಿಂದಿನ ಪುಟ್ಟ ಮಡುವಿನಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ.

ಉಳಿದದ್ದು ಒಂದು ಜೇಬಿನ ಮಾತು. ಕೊನೆಯ ಸಪೂರ ದಾರ 5ಎಕ್ಸ್, ಅಂದರೆ 0.15 ಮಿ.ಮೀ. ಒಂದು ಡಬ್ಬಿಯಲ್ಲಿ ಹನ್ನೆರಡು ಫ್ಲೈ, ಹೆಚ್ಚಿನವು ಮುಳುಗುವಂಥವು, ಏಕೆಂದರೆ ಟ್ರೌಟ್ ಬಹುಪಾಲು ಮೇಯುವುದು ನೀರಡಿಯಲ್ಲೇ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟೆ, ಮೀನಿಗೂ ನನ್ನ ಬೆರಳಿಗೂ ಕ್ಷೇಮ. ಎದೆಮಟ್ಟದ ರಬ್ಬರ್ ಪ್ಯಾಂಟ್ ಬಿಟ್ಟು ಉಣ್ಣೆಯ ಕಾಲುಚೀಲ, ಹಳೇ ಶೂ ಒಯ್ದೆ. ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯಲೇ ಇಲ್ಲ. ಆ ಚಳಿಗೆ ಇಳಿಯುವ ಆಸೆಯೂ ಆಗದು ಬಿಡಿ.

ಈ ಮೀನು ಹಿಮಾಲಯದ್ದಲ್ಲ. 1900ರ ಸುಮಾರಿಗೆ ಬ್ರಿಟಿಷರು ಕಾಶ್ಮೀರಕ್ಕೆ ತಂದದ್ದು, ಆಮೇಲೆ ಹಿಮಾಚಲಕ್ಕೂ ಬಂತು. ಅಲ್ಲಿ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಕಡ್ಡಾಯ. ನವೆಂಬರ್‌ನಿಂದ ಫೆಬ್ರುವರಿವರೆಗೆ ಮೊಟ್ಟೆ ಇಡುವ ಕಾಲ, ಟ್ರೌಟ್ ಹಿಡಿಯುವಂತಿಲ್ಲ. ಮಳೆಗಾಲದಲ್ಲಿ ನೀರು ಕೆಂಪು. ನಾನು ಹೋದದ್ದು ಅಕ್ಟೋಬರ್ ಮೊದಲ ವಾರ, ತೊರೆ ತಿಳಿಯಾಗಿತ್ತು.

ಗುಶೈನಿಯ ಆಚೆ ಎರಡು ದಿನ, ಮೂರು ಮೀನು, ಒಂದೂ ಗೇಣುದ್ದ ಮೀರಿರಲಿಲ್ಲ. ಕೈ ಒದ್ದೆ ಮಾಡಿಕೊಂಡೇ ಹಿಡಿದೆ, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಕೆಂಪು ಚುಕ್ಕೆಯ ಮೂರನೆಯದು ನೀರಿನಲ್ಲಿ ಅಂಗೈ ಮೇಲೆ ಒಂದು ಕ್ಷಣ ನಿಂತು, ಬಾಲ ಬಡಿದು ಬಂಡೆಯಡಿಗೆ ಹೋಯಿತು.